ಫ್ಯಾನಿನ ತುದಿಯ ಮೂರು ತೂತು

ನಾನು ಗುಮಾಸ್ತೆಯಾಗಿರುವ ಕುಮಟೆಯ ಶಾಲೆಯಲ್ಲಿ ಮೇ ತಿಂಗಳ ಕೊನೆಗೆ ಬೆಂಚುಗಳಿಗೆಲ್ಲ ವಾರ್ನಿಶ್ ಹಚ್ಚಿಸುತ್ತಾರೆ. ಆ ವಾರ ನಾನು ರಜೆ ಹಾಕುವುದು ರೂಢಿ. ಈ ಸಲ ಹೆಡ್‌ಮಾಸ್ತರರು ರಜೆ ಕೊಡಲಿಲ್ಲ. ಮಕ್ಕಳನ್ನು ಸೇರಿಸಿಕೊಳ್ಳುವ ದಿನಗಳು, ನೀವಿಲ್ಲದೆ ನಡೆಯುವುದಿಲ್ಲ ಎಂದರು. ಮೂರು ದಿನ ಕಿಟಕಿ ಮುಚ್ಚಿಕೊಂಡು ಸೆಕೆಯಲ್ಲಿ ಬೇಯುತ್ತ ಕುಳಿತೆ. ನಾಲ್ಕನೆಯ ದಿನ ಬಡಗಿ ಸೀದಾ ಒಳಗೇ ಬಂದ. "ಅಕ್ಕೋರೆ, ನಿಮ್ಮ ಟೇಬಲ್ಲಿಗೂ ಒಂದು ಕೈ ಹೊಡ್ದ್ ಬಿಡ್ತೆ" ಎಂದ. ನಾನು ಬೇಡ ಎಂದು ಬಾಯಿ ತೆರೆಯುವಷ್ಟರಲ್ಲಿ ಬ್ರಶ್ ಎಳೆದಾಗಿತ್ತು. ಮಗುವನ್ನು ಸೇರಿಸಲು ಬಂದ ತಾಯಿಯೊಬ್ಬಳು ಅರ್ಜಿ ಹಿಡಿದುಕೊಂಡು ನಿಂತಿದ್ದಳು. ಅವಳನ್ನು ಅಲ್ಲೇ ಬಿಟ್ಟು ನಾನು ಎದ್ದು ಜಗಲಿಗೆ ಬಂದೆ.

ಪಡುವಣದಲ್ಲಿ ಮೋಡ ಕಟ್ಟಿತ್ತು. ಹೊಸ ವಾರ್ನಿಶ್ಶಿನ ವಾಸನೆ ಎಂದರೆ ಎಲ್ಲರಿಗೂ ಹಬ್ಬದ ನೆನಪು, ಮನೆ ಒಕ್ಕಲಿನ ನೆನಪು. ನನಗೆ ಬೇರೆಯದೇ ಕಣ್ಣಿಗೆ ಕಟ್ಟುತ್ತದೆ. ನಮ್ಮೂರು ಬೆಳಕೆಯ ಗುಡ್ಡದ ಮೇಲಿನ ತಗಡಿನ ಶೆಡ್ಡು, ಅದರೊಳಗೆ ಎರಡು ಸ್ಟೂಲುಗಳ ಮೇಲೆ ಮಲಗಿಸಿದ್ದ ಮರದ ಫ್ಯಾನು, ಅದರ ಮೇಲೆ ಬಗ್ಗಿಕೊಂಡ ಅಪ್ಪ. ಇದನ್ನು ಆ ದಿನದವರೆಗೆ ಯಾರಿಗೂ ಹೇಳಿರಲಿಲ್ಲ. ಒಬ್ಬರಿಗೆ ಹೇಳಬೇಕಾಗಿತ್ತು, ಅವರಿಗೂ ಹೇಳಿರಲಿಲ್ಲ.

ಅಪ್ಪ ಜಟ್ಟಪ್ಪ ದೋಣಿ ಕಟ್ಟುವ ಬಡಗಿ. ಬೆಳಕೆಯಿಂದ ಹೊನ್ನಾವರದವರೆಗೆ ಅವನು ಕಟ್ಟಿದ ದೋಣಿಗಳು ನೀರಿಗಿಳಿದಿವೆ. ದೋಣಿ ಮುಗಿದ ದಿನ ನಮ್ಮ ಅಂಗಳದಲ್ಲಿ ಒಂದು ಪದ್ಧತಿ ಇತ್ತು. ಹಲಗೆಗಳ ಸಂದಿಗೆಲ್ಲ ಹತ್ತಿ ತುರುಕಿ, ರಾಳ ಮತ್ತು ಎಣ್ಣೆ ಕುದಿಸಿದ ಮೇಣ ತುಂಬಿ ಆದಮೇಲೆ, ಅಪ್ಪ ನನ್ನನ್ನು ಕರೆದು ದೋಣಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿಸುತ್ತಿದ್ದ. ಕಣ್ಣು ಮುಚ್ಚಿಕೊಂಡು ಬೆರಳು ಆಡಿಸುತ್ತ ಹೋಗಬೇಕು. ಎಲ್ಲಾದರೂ ಸೂಜಿಮೊನೆಯಷ್ಟು ತೂತು ಸಿಕ್ಕಿದರೆ "ಇಲ್ಲಿದೆ" ಎಂದು ಕೂಗಬೇಕು. ಕೂಗಿದ್ದಕ್ಕೆ ಒಂದು ತುಂಡು ಬೆಲ್ಲ. ದೊಡ್ಡವರ ಬೆರಳಿಗೆ ಆಣಿ ಕಟ್ಟಿರುತ್ತದೆ, ಮಕ್ಕಳ ಬೆರಳಿಗೆ ಸಿಕ್ಕುವುದು ಅವರಿಗೆ ಸಿಕ್ಕುವುದಿಲ್ಲ ಎನ್ನುತ್ತಿದ್ದ. ನಾನು ಬೆಲ್ಲದ ಆಸೆಗೆ ಇಲ್ಲದ ತೂತನ್ನೂ ಕೂಗಿದ್ದುಂಟು. ಅಪ್ಪ ಅದನ್ನೂ ನೋಡಿ, ಇರಲಿ ಎಂದು ಅಲ್ಲಿಗೂ ಒಂದು ಚೂರು ಮೇಣ ಒತ್ತುತ್ತಿದ್ದ. ಕಡಲಿಗೆ ಹೋಗುವ ಮರಕ್ಕೆ ತೂತು ಅಂದರೆ ಎಂತ ಅನ್ನುವುದನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಆಮೇಲೆ ಫೈಬರ್ ದೋಣಿಗಳು ಬಂದವು. ಅಚ್ಚಿನಲ್ಲಿ ಎರಕ ಹೊಯ್ದು ತೆಗೆಯುವ ದೋಣಿಗೆ ಅಪ್ಪನಂಥವನ ಅಗತ್ಯವಿರಲಿಲ್ಲ. ಅಪ್ಪ ಕೆಲವು ವರ್ಷ ಹಳೆಯ ದೋಣಿಗಳ ದುರಸ್ತಿ ಮಾಡಿದ, ಆಮೇಲೆ ಮಂಚದ ಕಾಲು, ಕಿಟಕಿಯ ದಳಿ. ಕೊನೆಗೆ ಅದೂ ಇಲ್ಲ. ಆ ಹೊತ್ತಿಗೆ ಅವ್ವಿ, ನನ್ನ ತಾಯಿ, ತೀರಿಹೋಗಿದ್ದಳು. ದಿನಾ ಬೆಳಿಗ್ಗೆ ಉಳಿಗಳನ್ನು ಮಸೆದು, ಒರೆಸಿ, ಮತ್ತೆ ಪೆಟ್ಟಿಗೆಯಲ್ಲಿ ಇಡುವುದು ಅಪ್ಪನ ಕೆಲಸವಾಯಿತು. ನೋಡುವುದಕ್ಕೆ ಆಗುತ್ತಿರಲಿಲ್ಲ, ಬಯ್ಯುವುದಕ್ಕೂ ಆಗುತ್ತಿರಲಿಲ್ಲ.

ಒಂದು ದೀಪಾವಳಿ ಕಳೆದ ಮೇಲೆ ನಮ್ಮೂರಿನ ಗುಡ್ಡದ ಬಯಲಿಗೆ ವಿಮಾನ ಬಂತು. ಬಂದದ್ದು ಹಾರಿಕೊಂಡಲ್ಲ, ಲಾರಿಯ ಮೇಲೆ ಮಲಗಿಕೊಂಡು. ಇಬ್ಬರು ಕೂರುವಷ್ಟು ಸಣ್ಣದು, ರೆಕ್ಕೆಗೆ ಬಟ್ಟೆ. ತಂದವರು ದಿನಕರ ಸರ್, ಕುಮಟೆ ಕಡೆಯವರೇ. ಬಹಳ ವರ್ಷ ಹೊರಗೆ ವಿಮಾನಗಳ ಕೆಲಸದಲ್ಲಿದ್ದು ನಿವೃತ್ತರಾಗಿ ಬಂದವರು. ಪ್ರವಾಸಿಗಳನ್ನು ಕೂರಿಸಿಕೊಂಡು ಕಡಲಂಚಿನಲ್ಲಿ ಹತ್ತು ನಿಮಿಷ ಸುತ್ತು ಹೊಡೆಸುವುದು ಅವರ ಯೋಜನೆ. ಊರಲ್ಲಿ ಪದವಿ ಓದಿ ಮನೆಯಲ್ಲಿದ್ದವಳು ನಾನೊಬ್ಬಳೇ ಇದ್ದುದರಿಂದ, ಫೋನಿಗೆ ಉತ್ತರ ಹೇಳುವುದಕ್ಕೂ ವಿಮಾನದ ದಾಖಲೆ ಪುಸ್ತಕ ಬರೆಯುವುದಕ್ಕೂ ನನ್ನನ್ನು ಇಟ್ಟುಕೊಂಡರು. ಎಷ್ಟು ಹೊತ್ತು ಹಾರಿತು, ಯಾವ ಬೋಲ್ಟ್ ಬಿಗಿ ಮಾಡಿದರು, ಯಾರು ನೋಡಿದರು, ಎಲ್ಲವನ್ನೂ ಅಂದಂದೇ ಬರೆದು ಸಹಿ ಹಾಕಬೇಕು. ಬರೆಯದ ಕೆಲಸ ಮಾಡದ ಕೆಲಸ ಎಂದು ಮೊದಲ ದಿನವೇ ಹೇಳಿದ್ದರು.

ಅದರ ಮೂತಿಯಲ್ಲಿ ತಿರುಗುವ ಪ್ರೊಪೆಲ್ಲರ್ ಮರದ್ದು. ನಮ್ಮ ಕಡೆ ದೋಣಿಯದ್ದನ್ನೂ ಫ್ಯಾನು ಎನ್ನುತ್ತೇವೆ, ಇದನ್ನೂ ಹಾಗೆಯೇ ಕರೆದೆವು. ವಿಮಾನದ ಫ್ಯಾನು ಮರದ್ದಂತೆ ಎಂದು ನಾನು ಮನೆಯಲ್ಲಿ ಹೇಳಿದಾಗ ಅಪ್ಪ ನಂಬಲಿಲ್ಲ. ಮಾಘದ ಒಂದು ಬೆಳಿಗ್ಗೆ, ಮೂಡಗಾಳಿ ಬೀಸಿ ತುಟಿ ಒಡೆಯುವ ದಿನಗಳಲ್ಲಿ, ಒಗೆದ ಅಂಗಿ ಹಾಕಿಕೊಂಡು ಗುಡ್ಡ ಹತ್ತಿ ಬಂದ. ಫ್ಯಾನಿನ ಹತ್ತಿರ ಹೋಗಿ ಮುಟ್ಟಲು ಹೆದರಿ, ಸರ್ ಮುಟ್ಟಿ ಎಂದ ಮೇಲೆ ಅಂಗೈ ಇಟ್ಟ. ಪದರಗಳನ್ನು ಉಗುರಿನಿಂದ ಎಣಿಸಿದ. ಏಳು ಪದರ, ಒಂದು ಮೊಳೆಯಿಲ್ಲ, ಬರೀ ಅಂಟು. ತುದಿಗಳಿಗೆ ಮಾತ್ರ ಹಿತ್ತಾಳೆಯ ತೆಳು ತಗಡಿನ ಟೊಪ್ಪಿಗೆ.  ಆಮೇಲೆ ನಡುವಿನ ಆರು ಬೋಲ್ಟುಗಳನ್ನು ನೋಡಿ ಕೇಳಿದ, "ಸಾಹೇಬ್ರೆ, ಇದನ್ನ ಕೂಡಿಸಿದ್ದು ಮಳೆಗಾಲದಲ್ಲಿ ಅಲ್ದಾ?"

ಹೌದು, ಇಲ್ಲಿಗೆ ತರುವ ಮೊದಲೇ, ಆಗಸ್ಟಿನಲ್ಲಿ ಎಂದರು ಸರ್.

"ಹಂಗಾರೆ ಈಗ ಸಡ್ಲ ಆಗಿರ್ತದೆ. ಆಗ ಮರ ನೀರು ಕುಡ್ದು ಉಬ್ಬಿತ್ತು, ಈಗ ಈ ಗಾಳಿಗೆ ಕುಗ್ಗಿದೆ. ಬೋಲ್ಟು ಅಲ್ಲೇ ಇರ್ತದೆ, ಮರ ಹಿಂದೆ ಸರೀತದೆ."

ಸರ್ ನಕ್ಕು, ಬಿಗಿ ಅಳೆಯುವ ಸ್ಪ್ಯಾನರ್ ತಂದು ಹಿಡಿದರು. ಆರೂ ಬೋಲ್ಟುಗಳು ಕಾಲು ಸುತ್ತು ತಿರುಗಿದವು. ಸರ್ ನಗುವುದನ್ನು ನಿಲ್ಲಿಸಿ ಅಪ್ಪನ ಮುಖ ನೋಡಿದರು. ಋತು ಬದಲಾದಾಗ ಇದನ್ನು ನೋಡಬೇಕು ಎಂದು ಪುಸ್ತಕದಲ್ಲಿದೆ, ನಾನೇ ತಡಮಾಡಿದ್ದೆ ಎಂದು ಒಪ್ಪಿಕೊಂಡರು. ಅಂದಿನಿಂದ ಅಪ್ಪ "ಜಟ್ಟಪ್ಪಣ್ಣ" ಆದ. ಫ್ಯಾನಿನ ಕೆಲಸ ಅವನದಾಯಿತು.

ಆ ಬೇಸಿಗೆ ನಮ್ಮ ಮನೆಗೆ ಮತ್ತೆ ಬೆಳಕು ಬಂತು ಅಂದರೆ ಸುಳ್ಳಲ್ಲ. ಅಪ್ಪ ದಿನಾ ನನಗಿಂತ ಮೊದಲು ಗುಡ್ಡ ಹತ್ತುತ್ತಿದ್ದ. ಪ್ರತಿ ಹಾರಾಟದ ನಂತರ ಫ್ಯಾನಿಗೆ ಬಡಿದು ಸತ್ತ ಹುಳಗಳನ್ನು, ಉಪ್ಪುಗಾಳಿಯ ಪಸೆಯನ್ನು ಮೆತ್ತನೆ ಬಟ್ಟೆಯಿಂದ ಒರೆಸುತ್ತಿದ್ದ. ಹರಳು ಸಿಡಿದು ಅಂಚಿನಲ್ಲಿ ಗೀರು ಬಿದ್ದರೆ ಅದನ್ನು ಉಗುರಿನಿಂದ ತಡವಿ, ಎಷ್ಟು ಆಳ ಎಂದು ಸರ್‌ಗೆ ಹೇಳಿ, ಅವರು ಸೈ ಎಂದ ಮೇಲೆ ನಯ ಮಾಡುತ್ತಿದ್ದ. ನಿಲ್ಲಿಸುವಾಗ ಫ್ಯಾನು ಅಡ್ಡಲಾಗಿಯೇ ಇರಬೇಕು, ನೆಟ್ಟಗೆ ನಿಂತರೆ ಪಸೆಯೆಲ್ಲ ಕೆಳಗಿನ ತುದಿಗೆ ಇಳಿದು ಒಂದು ಕಡೆ ಭಾರವಾಗುತ್ತದೆ ಎಂದು ಸರ್ ಹೇಳಿದಾಗ, ಅಪ್ಪ ಅರ್ಧ ಮಾತಿಗೇ ತಲೆಯಾಡಿಸಿದ. ಅವನಿಗೆ ಮರದ ವಿಷಯ ಎರಡನೆಯ ಸಲ ಹೇಳಬೇಕಾಗಿರಲಿಲ್ಲ. ಇದನ್ನು ಓದುವವರು ನೆನಪಿಟ್ಟುಕೊಳ್ಳಬೇಕು. ಒಂದು ಸಲ ಹೇಳಿದ್ದರೆ ಸಾಕಾಗಿತ್ತು.

ಊರಿನವರೂ ಬದಲಾದರು. ಚಾ ಅಂಗಡಿಯಲ್ಲಿ ಅಪ್ಪನಿಗೆ ಬೆಂಚು ಬಿಟ್ಟುಕೊಡತೊಡಗಿದರು. ಜಟ್ಟಪ್ಪ ಕೈ ಬಿಟ್ಟರೆ ವಿಮಾನ ಕಡಲಿಗೆ ಬೀಳ್ತದೆ ಎಂದು ತಮಾಷೆ ಮಾಡುವವರು ಮಾಡುತ್ತಿದ್ದರು, ಅಪ್ಪ ಅದನ್ನು ಅರ್ಧ ನಿಜವೆಂದೇ ಇಟ್ಟುಕೊಳ್ಳುತ್ತಿದ್ದ. ಭಟ್ಕಳದ ಪೇಟೆಗೆ ಹೋಗಿ ಬ್ರಶ್ಶು ತರುವಾಗ, ಇದು ಬಾಗಿಲಿಗಲ್ಲ, ವಿಮಾನಕ್ಕೆ ಎಂದು ಅಂಗಡಿಯವನಿಗೆ ಹೇಳಿ ಬರುತ್ತಿದ್ದ.

ಮಳೆಗಾಲದಲ್ಲಿ ಹಾರಾಟವಿಲ್ಲ. ಸರ್ ಎಂಜಿನ್ನಿಗೆ ಎಣ್ಣೆ ಹೊಯ್ದು ಮುಚ್ಚಿ, ನಾಲ್ಕು ತಿಂಗಳಿಗೆ ಪುಣೆಯ ಅಕ್ಕನ ಮನೆಗೆ ಹೊರಟರು. ಹೊರಡುವ ದಿನ ನನ್ನ ಕೈಗೆ ಎಣ್ಣೆ ಕಲೆಯ ನಾಲ್ಕು ಹಾಳೆ ಕೊಟ್ಟರು. ಮರದ ಪ್ರೊಪೆಲ್ಲರನ್ನು ನೋಡಿಕೊಳ್ಳುವ ಬಗೆ, ಇಂಗ್ಲಿಷಿನಲ್ಲಿ. "ವೇಣಿ, ಒಂದೊಂದು ಸಾಲನ್ನೂ ಅಪ್ಪನಿಗೆ ಓದಿ ಹೇಳು. ಆದಮೇಲೆ ಪುಸ್ತಕದಲ್ಲಿ ಬರೆದು ಸಹಿ ಮಾಡು" ಎಂದರು. ಆತು ಸರ್ ಎಂದೆ.

ಜೂನಿನ ಮೊದಲ ಮಳೆ ತಗಡಿನ ಮೇಲೆ ಹೊಡೆಯುತ್ತಿದ್ದ ಒಂದು ಮಧ್ಯಾಹ್ನ ಶೆಡ್ಡಿನ ಬಾಗಿಲ ಹತ್ತಿರ ಕೂತು ಓದತೊಡಗಿದೆ. ಅಪ್ಪ ಒಂದು ಮರದ ಬೆಣೆ ಕೆತ್ತುತ್ತಿದ್ದ. ಪ್ರೊಪೆಲ್ಲರನ್ನು ಅಡ್ಡ ನಿಲ್ಲಿಸಬೇಕು ಎಂದು ಓದಿದೆ. ನಿಲ್ಸಿದೆ ಎಂದ. ಒದ್ದೆಯಾದರೆ ಒರೆಸಬೇಕು. ಒರೆಸ್ತೆ. ಅದನ್ನು ಹಿಡಿದು ವಿಮಾನ ಎಳೆಯಬಾರದು. ಯಾರು ಎಳ್ದ್ರು? ಮಳೆಗಾಲದಲ್ಲಿ ಮರ ಉಬ್ಬಿದಾಗ ಬೋಲ್ಟು ಅತಿಯಾಗಿ ಬಿಗಿಯಬಾರದು, ಮರ ಜಜ್ಜಿಹೋಗುತ್ತದೆ. ಈ ಸಾಲಿಗೆ ಅಪ್ಪನ ಉಳಿ ನಿಂತಿತು. ಮೂರನೆಯ ಹಾಳೆಯ ಕೊನೆಗೆ ಬಂದಾಗ ಬೆಣೆ ಕೆಳಗಿಟ್ಟ.

"ಮರ ಅಂದ್ರೆ ಎಂತದು ಅಂತ ನಂಗೆ ಕಾಗದ ಹೇಳ್ಬೇಕಾ, ಮಗಾ?"

ಸಿಟ್ಟಿನಲ್ಲಿ ಹೇಳಿದ್ದಲ್ಲ, ನೊಂದುಕೊಂಡು ಹೇಳಿದ. ಎಷ್ಟೋ ವರ್ಷಗಳ ಮೇಲೆ ಒಬ್ಬರು ಅವನನ್ನು ಮರದ ಮಾತು ಕೇಳಿದ್ದರು. ಈಗ ಅವರೇ ಕಾಗದ ಕಳಿಸಿ ಪಾಠ ಹೇಳಿಸುತ್ತಿದ್ದಾರೆ ಎಂದು ಅವನಿಗೆ ಅನ್ನಿಸಿತ್ತು. ನನಗೆ ಪಾಪ ಅನ್ನಿಸಿತು. ಅದರ ಜೊತೆಗೆ, ಸುಳ್ಳು ಯಾಕೆ ಹೇಳಲಿ, ಬೇಸರವೂ ಬಂದಿತ್ತು. ಉಳಿದದ್ದೂ ಇಂಥದ್ದೇ ಬಿಡು ಎಂದು ನಾಲ್ಕನೆಯ ಹಾಳೆಯನ್ನು ನೋಡದೆ ಮಡಚಿದೆ. ದಾಖಲೆ ಪುಸ್ತಕದಲ್ಲಿ "ನಾಲ್ಕೂ ಪುಟಗಳನ್ನು ಪೂರ್ತಿ ಓದಿ ತಿಳಿಸಲಾಗಿದೆ" ಎಂದು ದುಂಡಗೆ ಬರೆದು ಸಹಿ ಹಾಕಿದೆ.

ಅದಾಗಿ ಎರಡು ದಿನಕ್ಕೆ ಅಪ್ಪ ಫ್ಯಾನು ಬಿಚ್ಚಿ, ವಾರ್ನಿಶ್ ಹಚ್ಚಲು ಎರಡು ಸ್ಟೂಲುಗಳ ಮೇಲೆ ಮಲಗಿಸಿದ. ನಾನು ಸುಮ್ಮನೆ ಹತ್ತಿರ ನಿಂತು, ಯಾವಾಗಿನದೋ ರೂಢಿಯಿಂದ, ಅದರ ಅಂಚಿನ ಮೇಲೆ ಬೆರಳು ಆಡಿಸಿದೆ. ಹಿತ್ತಾಳೆಯ ಟೊಪ್ಪಿಗೆಯ ತೀರಾ ತುದಿಯಲ್ಲಿ ಬೆರಳಿಗೆ ಏನೋ ತಾಗಿತು. ಬಗ್ಗಿ ನೋಡಿದರೆ ಸೂಜಿಮೊನೆಯಷ್ಟು ಸಣ್ಣ ಮೂರು ತೂತು. ಆ ಕಡೆಯ ತುದಿಗೆ ಹೋಗಿ ನೋಡಿದೆ, ಅಲ್ಲೂ ಮೂರು.

"ಅಪ್ಪಾ, ಇಲ್ಲಿದೆ" ಎಂದು ಕೂಗಿದೆ.

ನನಗೆ ಆಗ ಮೂವತ್ತಮೂರು ವರ್ಷ. ಕೂಗಿದ್ದು ಮಾತ್ರ ಏಳು ವರ್ಷದವಳ ಹಾಗೆ. ಅಪ್ಪ ಕನ್ನಡಕ ಹಾಕಿಕೊಂಡು ಬಂದ. ನೋಡಿ, ಕಂಪನಿಯವರು ಮೊಳೆ ಹೊಡೆಯಲು ತೂತು ತೆಗೆದು ಮರೆತುಬಿಟ್ಟಿದ್ದಾರೆ ಎಂದು ತೀರ್ಮಾನ ಮಾಡಿದ. ಇಷ್ಟು ದಿನ ತನ್ನ ಕಣ್ಣಿಗೆ ಬೀಳಲಿಲ್ಲವಲ್ಲ ಎಂದು ತನ್ನನ್ನೇ ಬೈದುಕೊಂಡ. ಮನೆಗೆ ಹೋಗಿ ರಾಳ, ಎಣ್ಣೆ ತಂದು, ಕರಟದಲ್ಲಿ ಕುದಿಸಿ, ನಿಂಬೆ ಗಿಡದ ಮುಳ್ಳಿನಿಂದ ಆರೂ ತೂತುಗಳಿಗೆ ಮೇಣ ತುಂಬಿದ. ಒಣಗಿದ ಮೇಲೆ ಅದರ ಮೇಲೆ ವಾರ್ನಿಶ್ ಎಳೆದ. ಒಂದು ಹನಿ ನೀರು ಒಳಗೆ ಹೋಗೂದಿಲ್ಲ ಇನ್ನು ಎಂದ. ಮರುದಿನ ಗುಡ್ಡ ಹತ್ತುವಾಗ ಅಂಗಿಯ ಕಿಸೆಯಿಂದ ಕಾಗದದ ಪೊಟ್ಟಣ ತೆಗೆದು ನನ್ನ ಕೈಯಲ್ಲಿಟ್ಟ. ಬಿಚ್ಚಿದರೆ ಒಂದು ತುಂಡು ಬೆಲ್ಲ. ನಾವಿಬ್ಬರೂ ನಕ್ಕೆವು. ಅಪ್ಪ ಹಾಗೆ ನಕ್ಕದ್ದನ್ನು ನಾನು ಆಮೇಲೆ ನೋಡಿಲ್ಲ.

ಶ್ರಾವಣದಲ್ಲಿ ಮಳೆ ಬಿಡದೆ ಹಿಡಿದುಕೊಂಡಿತು. ಶೆಡ್ಡಿನಲ್ಲಿದ್ದ ಕಾಗದಗಳೆಲ್ಲ ಥಂಡಿಗೆ ಹಪ್ಪಳದಂತೆ ಉಬ್ಬಿದವು. ಒಣಗಿಸೋಣವೆಂದು ಮನೆಗೆ ತಂದು ಹಗ್ಗದ ಮೇಲೆ ಹಾಕುತ್ತಿದ್ದಾಗ ನಾಲ್ಕನೆಯ ಹಾಳೆ ಕೈಗೆ ಬಂತು. ಅದರಲ್ಲಿ ಕೊನೆಯ ಎರಡು ಸಾಲು. ಎರಡೂ ತುದಿಗಳಲ್ಲಿ ಮೂರು ಮೂರು ಸಣ್ಣ ತೂತುಗಳಿರುತ್ತವೆ. ತಗಡಿನ ಒಳಗೆ ಮರ ಬಿಡುವ ನೀರು ತಿರುಗುವಾಗ ಹೊರಗೆ ಚಿಮ್ಮಿ ಹೋಗಲು ಇರುವ ದಾರಿ ಅದು, ಯಾವ ಕಾರಣಕ್ಕೂ ಮುಚ್ಚಬಾರದು, ವಾರ್ನಿಶ್ ಹಚ್ಚಿದ ಮೇಲೆ ಸೂಜಿಯಿಂದ ಬಿಡಿಸಿಕೊಳ್ಳಬೇಕು.

ಆ ಸಾಲುಗಳನ್ನು ಇನ್ನೊಮ್ಮೆ ಓದಿದೆ. ಅಡುಗೆಮನೆಯಲ್ಲಿ ಅಪ್ಪ ಮೀನು ತೊಳೆಯುತ್ತ ಏನೋ ಗುನುಗುತ್ತಿದ್ದ. ಈಗಲೇ ಹೇಳಿಬಿಡಬೇಕು ಅನ್ನಿಸಿತು. ಹೇಳಿದರೆ ಅವನು ಕೇಳುವ ಮೊದಲ ಪ್ರಶ್ನೆ ಯಾವುದು ಎಂದೂ ಗೊತ್ತಿತ್ತು. ಅಂದು ಯಾಕೆ ಓದಲಿಲ್ಲ? ಸಹಿ ಯಾಕೆ ಹಾಕಿದೆ? ಹೇಳಲಿಲ್ಲ.

ಅಪ್ಪ ಕಣ್ಣಿನ ಡಾಕ್ಟರಿಗೆ ತೋರಿಸಲು ಹೊನ್ನಾವರಕ್ಕೆ ಹೋದ ದಿನ, ಸೂಜಿಯೊಂದನ್ನು ಸೆರಗಿಗೆ ಚುಚ್ಚಿಕೊಂಡು ಒಬ್ಬಳೇ ಶೆಡ್ಡಿಗೆ ಹೋದೆ. ಫ್ಯಾನು ಮತ್ತೆ ತನ್ನ ಜಾಗದಲ್ಲಿ ಕೂತಿತ್ತು. ಮುಸುಕು ತೆಗೆದೆ. ತುದಿಯ ಮೇಲೆ ಬೆರಳು ಆಡಿಸಿದೆ. ತೂತು ಎಲ್ಲಿದೆ ಎಂದೇ ತಿಳಿಯಲಿಲ್ಲ, ಅಪ್ಪನ ಕೆಲಸ ಅಷ್ಟು ನಯವಾಗಿತ್ತು. ಅಂದಾಜಿನಲ್ಲಿ ಸೂಜಿ ಇಟ್ಟು ಒತ್ತಿದರೆ ಜಾರಿ ವಾರ್ನಿಶ್ಶಿನ ಮೇಲೆ ಕೂದಲೆಳೆಯಷ್ಟು ಗೀರು ಬಿತ್ತು. ನಾಳೆ ಅಪ್ಪ ಇದನ್ನು ಕಂಡೇ ಕಾಣುತ್ತಾನೆ, ಯಾರು ಮುಟ್ಟಿದ್ದು ಎಂದು ಕೇಳುತ್ತಾನೆ. ಸೂಜಿಯನ್ನು ಹಿಂದಕ್ಕೆ ತೆಗೆದೆ. ಒಂದು ಹನಿ ನೀರು ಒಳಗಿದ್ದರೆ ಏನು ಮಹಾ ಆಗಿಬಿಡುತ್ತದೆ, ದೋಣಿಯ ಮರ ವರ್ಷಗಟ್ಟಲೆ ನೀರಲ್ಲೇ ಇರುವುದಿಲ್ಲವೇ ಎಂದು ಸಮಾಧಾನ ಮಾಡಿಕೊಂಡೆ. ಸೂಜಿಯನ್ನು ಮತ್ತೆ ಸೆರಗಿಗೆ ಚುಚ್ಚಿ, ಮುಸುಕು ಎಳೆದು, ಗುಡ್ಡ ಇಳಿದೆ.

ಅಪ್ಪನ ಮನಸ್ಸು ನೋಯಬಾರದೆಂದು ಬಿಟ್ಟೆ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ನಿಜವಲ್ಲ. ನನ್ನ ಸಹಿ ಉಳಿಯಲಿ ಎಂದು ಬಿಟ್ಟೆ. ಗೀರನ್ನು ಅಪ್ಪ ಮರುದಿನವೇ ಕಂಡ. ಇಲಿ ಇರಬೇಕು ಎಂದು ಬೋನು ಇಟ್ಟ.

ನವರಾತ್ರಿಯ ಹೊತ್ತಿಗೆ ಮಳೆ ಹಿಂದೆ ಸರಿಯಿತು. ಆಯುಧಪೂಜೆಗೆ ಅಪ್ಪ ಉಳಿ, ಗರಗಸಗಳ ಜೊತೆ ಫ್ಯಾನಿಗೂ ಗಂಧ ಹಚ್ಚಿ ಗೊಂಡೆ ಹೂವಿನ ಮಾಲೆ ಹಾಕಿದ. ಅದಾದ ವಾರಕ್ಕೆ ಸರ್ ಬಂದರು, ಜೊತೆಗೆ ಹಾರಾಟಕ್ಕೆ ಮುಂಚೆ ವಿಮಾನ ನೋಡಿ ಒಪ್ಪಿಗೆ ಬರೆಯಬೇಕಾದ ಪರೀಕ್ಷಕರೊಬ್ಬರು. ಊರಿನ ಹತ್ತಿಪ್ಪತ್ತು ಜನ ಬೇಲಿಯ ಹೊರಗೆ ನಿಂತಿದ್ದರು. ಫ್ಯಾನಿನ ಹೊಳಪು ನೋಡಿ ಸರ್ ಅಪ್ಪನ ಬೆನ್ನು ತಟ್ಟಿದರು. ಎಂಜಿನ್ ಶುರುವಾಯಿತು. ನಿಧಾನಕ್ಕೆ ತಿರುಗುವಾಗ ಏನೂ ಇರಲಿಲ್ಲ. ವೇಗ ಏರಿಸಿದಂತೆ ಇಡೀ ವಿಮಾನ ಚಳಿಜ್ವರ ಬಂದವರಂತೆ ನಡುಗತೊಡಗಿತು. ಸರ್ ತಕ್ಷಣ ನಿಲ್ಲಿಸಿದರು. ಬೋಲ್ಟು ಅಳೆದರು, ಸರಿಯಾಗಿದ್ದವು. ಮತ್ತೆ ಶುರು ಮಾಡಿದರು, ಮತ್ತೆ ನಡುಕ. ಬೇಲಿಯ ಹೊರಗೆ ಯಾರೋ ನಕ್ಕರು.

ಪರೀಕ್ಷಕರು ಫ್ಯಾನು ಬಿಚ್ಚಿಸಿ ಸ್ಟೂಲಿನ ಮೇಲಿಟ್ಟು, ತುದಿಯನ್ನು ಭೂತಗನ್ನಡಿಯಲ್ಲಿ ನೋಡಿದರು. ಕಿಸೆಯಿಂದ ಸಣ್ಣ ದಬ್ಬಣ ತೆಗೆದು ಸರಿಯಾಗಿ ತೂತಿನ ಜಾಗದಲ್ಲಿ ಇಟ್ಟು ಒತ್ತಿದರು. ಮೇಣದ ಬೆಣೆ ಹೊರಗೆ ಬಂತು. ಅದರ ಹಿಂದೆ ಚಾದ ಬಣ್ಣದ ನೀರು, ಒಂದು ಹನಿ, ಮತ್ತೊಂದು, ಆಮೇಲೆ ನಿಲ್ಲದೆ ಸಣ್ಣಗೆ. ತಗಡನ್ನು ಎಬ್ಬಿಸಿದಾಗ ಒಳಗಿನ ಮರ ಕಪ್ಪಾಗಿ, ಪದರಗಳು ಬಾಯಿ ಬಿಟ್ಟಿದ್ದವು. ಇನ್ನೊಂದು ತುದಿಯೂ ಹಾಳಾಗಿತ್ತು, ಇಷ್ಟಲ್ಲ. ಪರೀಕ್ಷಕರು ಹಿಂದಿಯಲ್ಲಿ ಸರ್‌ಗೆ ಹೇಳಿದರು. ಇದು ಮುಗಿಯಿತು, ಮೇಲೆ ಹೋದಾಗ ಹೀಗಾಗಿದ್ದರೆ ಇಬ್ಬರ ಹೆಣ ಹುಡುಕಬೇಕಾಗುತ್ತಿತ್ತು. ಯಾರು ಮುಚ್ಚಿದ್ದು?

ಸರ್ ಅದನ್ನು ಕನ್ನಡದಲ್ಲಿ ಅಪ್ಪನಿಗೆ ಹೇಳಿದರು. ಮರ ಒಳಗೆ ಬಿಡುವ ನೀರು ಹೋಗಲು ಇಟ್ಟ ದಾರಿ ಅದು ಎಂದರು. ಅಪ್ಪನ ಮುಖದಲ್ಲಿ ಆಗ ಆದದ್ದನ್ನು ನಾನು ನೋಡಿದೆ. ಅವನಿಗೆ ಕೂಡಲೇ ಅರ್ಥವಾಯಿತು. ಯಾರೂ ವಾದ ಮಾಡಬೇಕಾಗಲಿಲ್ಲ. "ಹೌದು, ಮರ ಬೆವರ್ತದೆ" ಎಂದು ತನ್ನಷ್ಟಕ್ಕೆ ಹೇಳಿಕೊಂಡ. "ಎಲ್ಲಾ ಕಡೆ ಮುಚ್ಚಿದ್ರೆ ಬೆವರು ಎಲ್ಲಿಗೆ ಹೋಗ್ಬೇಕು."

ಸರ್ ದಾಖಲೆ ಪುಸ್ತಕ ತೆರೆದರು. ಜೂನಿನ ಪುಟ, ನನ್ನ ದುಂಡು ಅಕ್ಷರ, ಕೆಳಗೆ ಸಹಿ. ನನ್ನನ್ನು ಕರೆದು ಕೇಳಿದರು. "ವೇಣಿ, ನಾಲ್ಕನೆಯ ಪುಟ ಅಪ್ಪನಿಗೆ ಓದಿ ಹೇಳಿದ್ದೆಯಾ?"

"ಹೇಳಿದ್ದೆ ಸರ್" ಎಂದೆ.

ಅಪ್ಪ ನನ್ನ ಕಡೆ ತಿರುಗಿದ. ಹೆಚ್ಚು ಹೊತ್ತು ನೋಡಲಿಲ್ಲ. ತೂತು ಹುಡುಕಿಕೊಟ್ಟವಳು ಯಾರು ಎಂದಾದರೂ ಹೇಳಬಹುದಿತ್ತು. ಹಾಳೆ ಮಡಚಿದ್ದನ್ನು ಅವನೇ ಕಣ್ಣಾರೆ ಕಂಡಿದ್ದ. ತಲೆಯ ಮೇಲಿನ ಟವಲು ತೆಗೆದು ಕೈಯಲ್ಲಿ ಹಿಡಿದುಕೊಂಡು ಸರ್‌ಗೆ ಹೇಳಿದ, "ಹೌದು ಸಾಹೇಬ್ರೆ, ನಮ್ಮ ಹುಡುಗಿ ಓದಿ ಹೇಳಿತ್ತು. ನಾನೇ ಮರ್ತೆ."

ಸರ್ ಪುಸ್ತಕ ಮುಚ್ಚಿದರು, ಬೈದಿದ್ದರೆ ಒಳ್ಳೆಯದಿತ್ತು. ಪರೀಕ್ಷಕರು ಒಂದೇ ಒಂದು ಮಾತು ಹೇಳಿದರು. ಮುಂದೆ ಇಂಥ ಕೆಲಸಕ್ಕೆ ಓದು ಬಲ್ಲವರನ್ನು ಇಟ್ಟುಕೊಳ್ಳಿ. ಸರ್ ಅದನ್ನು ಅಪ್ಪನಿಗೆ ತಿಳಿಸಲಿಲ್ಲ. ಭಟ್ಕಳದ ಪೇಟೆಯಲ್ಲಿ ಓಡಾಡಿದ ಅಪ್ಪನಿಗೆ ಅಷ್ಟು ಹಿಂದಿ ಅರ್ಥವಾಗುತ್ತಿತ್ತು.

ತಿರಸ್ಕರಿಸಿದ ಫ್ಯಾನನ್ನು ಹಾಗೇ ಬಿಡುವಂತಿಲ್ಲ. ಮುಂದೆ ಯಾರೂ ತಿಳಿಯದೆ ಅದನ್ನು ಮತ್ತೆ ಜೋಡಿಸದ ಹಾಗೆ ಪರೀಕ್ಷಕರ ಎದುರಿಗೇ ಕೊಯ್ದು ತುಂಡು ಮಾಡಬೇಕು. ಯಾರನ್ನಾದರೂ ಕರೆಯೋಣ ಎಂದರು ಸರ್. ಅಪ್ಪ ಬೇಡ, ನಾನೇ ಕೊಯ್ತೆ ಎಂದ. ಮನೆಯಿಂದ ಗರಗಸ ತಂದ. ಹೂವಿನ ಮಾಲೆ ಇನ್ನೂ ಅದರ ಹಿಡಿಯಲ್ಲಿ ಒಣಗಿಕೊಂಡಿತ್ತು. ಪೆನ್ಸಿಲಿನಿಂದ ಅಳೆದು, ಮೂಲೆಮಟ್ಟ ಇಟ್ಟು, ನೇರವಾಗಿ ಗೆರೆ ಎಳೆದ. ಹಾಳಾದ ಮರವನ್ನು ಕೊಯ್ಯುವುದಕ್ಕೆ ಗೆರೆ ಯಾಕೆ ಎಂದು ಯಾರೂ ಕೇಳಲಿಲ್ಲ. ಆಮೇಲೆ ನನ್ನನ್ನು ಕರೆದ, "ಆ ತುದಿ ಹಿಡ್ಕೊ ಮಗಾ."

ಚಿಕ್ಕಂದಿನಿಂದ ಹಲಗೆ ಕೊಯ್ಯುವಾಗ ಇನ್ನೊಂದು ತುದಿ ಹಿಡಿಯುವವಳು ನಾನೇ. ಹಿಡಿದುಕೊಂಡೆ. ಗರಗಸ ಏಳು ಪದರಗಳನ್ನೂ ದಾಟುವವರೆಗೆ ಅಪ್ಪ ತಲೆ ಎತ್ತಲಿಲ್ಲ. ತುಂಡು ನನ್ನ ಕೈಗೆ ಬಿತ್ತು. ನೀರು ಕುಡಿದು ಭಾರವಾಗಿತ್ತು. ಅಂಗೈ ಒದ್ದೆಯಾಯಿತು.

ಹೊಸ ಫ್ಯಾನು ಆ ವರ್ಷ ಬರಲಿಲ್ಲ. ಪರವಾನಗಿಯ ಅವಧಿ ಮುಗಿಯಿತು. ವಿಮಾನ ಬಂದ ಹಾಗೆಯೇ ಲಾರಿಯ ಮೇಲೆ ಮಲಗಿಕೊಂಡು ಹೋಯಿತು. ಚಾ ಅಂಗಡಿಯಲ್ಲಿ ಅಪ್ಪನಿಗೆ ಬೆಂಚು ಬಿಡುವುದನ್ನು ನಿಲ್ಲಿಸಿದರು ಅಂತಲ್ಲ, ಅಪ್ಪನೇ ಹೋಗುವುದನ್ನು ನಿಲ್ಲಿಸಿದ. ವಿಮಾನಕ್ಕೆ ಮೇಣ ಮೆತ್ತಿದ ಜಟ್ಟಪ್ಪ ಎಂಬುದು ಹೆಸರೇ ಆಗಿಹೋಯಿತು. ಮಂಚದ ಕಾಲು ಸಡಿಲವಾದವರೂ ಬೇರೆಯವರ ಹತ್ತಿರ ಹೋದರು. ಉಳಿಗಳನ್ನು ಮಸೆಯುವುದನ್ನೂ ಅವನು ಬಿಟ್ಟ. ಅವು ಪೆಟ್ಟಿಗೆಯಲ್ಲೇ ತುಕ್ಕು ಹಿಡಿದವು.

ನನಗೆ ಮಾತ್ರ ಒಳ್ಳೆಯದೇ ಆಯಿತು. ಹೋಗುವ ಮುಂಚೆ ಸರ್ ನನಗೊಂದು ಪತ್ರ ಬರೆದುಕೊಟ್ಟರು, ಈಕೆ ದಾಖಲೆಗಳ ಕೆಲಸದಲ್ಲಿ ಬಹಳ ಎಚ್ಚರಿಕೆಯವಳು ಎಂದು. ಆ ಪತ್ರ ತೋರಿಸಿಯೇ ನನಗೆ ಕುಮಟೆಯ ಶಾಲೆಯಲ್ಲಿ ಈ ಕೆಲಸ ಸಿಕ್ಕಿದ್ದು. ಅಪ್ಪನನ್ನೂ ಕರೆದುಕೊಂಡು ಬಂದೆ. ಈಗ ಅವನ ಕಣ್ಣು ಮಂಜು. ಮನೆಗೆ ಬಂದವರ ಹತ್ತಿರ, ಯಾರೂ ಕೇಳದಿದ್ದರೂ, ಆ ಕತೆ ಹೇಳುತ್ತಾನೆ. ಬೆಳಕೆಯಲ್ಲಿ ವಿಮಾನ ಇತ್ತು, ನಮ್ಮ ಹುಡುಗಿ ಎಲ್ಲಾ ಓದಿ ಹೇಳಿತ್ತು, ನಾನೇ ಮರೆತು ಹಾಳು ಮಾಡಿದೆ ಎಂದು. ಅದನ್ನು ಕೇಳಿದಾಗಲೆಲ್ಲ ನಾನು ಎದ್ದು ಒಳಗೆ ಹೋಗುತ್ತೇನೆ. ನನ್ನನ್ನು ಕಾಪಾಡಲು ಇನ್ನೂ ಸುಳ್ಳು ಹೇಳುತ್ತಿದ್ದಾನೆ, ಇನ್ನೂ ಯಾಕೆ ಹೇಳಬೇಕು ಎಂದು ಮೊನ್ನೆಯವರೆಗೆ ಸಿಟ್ಟೂ ಬರುತ್ತಿತ್ತು.

ಮೊನ್ನೆ, ಬಡಗಿ ನನ್ನ ಟೇಬಲ್ಲಿಗೆ ಬ್ರಶ್ ಎಳೆದ ದಿನ, ಶಾಲೆಯಿಂದ ಬಂದಾಗ ನನ್ನ ಸೀರೆಗೆ ಹತ್ತಿದ ವಾಸನೆ ಅಪ್ಪನ ಮೂಗಿಗೆ ಹೋಯಿತು. ಎಲ್ಲಿಯ ವಾರ್ನಿಶ್ಶು ಎಂದು ಕೇಳಿದ. ಹೇಳಿದೆ. ಹೇಳುತ್ತ ಹೇಳುತ್ತ ನಾಲ್ಕು ವರ್ಷ ಮುಚ್ಚಿಟ್ಟದ್ದು ತಾನಾಗಿ ಹೊರಗೆ ಬಂತು. ಅವನ ಎದುರು ನೆಲದ ಮೇಲೆ ಕೂತು, ಅಪ್ಪ, ಅಂದು ನಾನು ನಾಲ್ಕನೆಯ ಹಾಳೆ ಓದಲಿಲ್ಲ, ಸುಳ್ಳು ಸಹಿ ಹಾಕಿದೆ, ಆಮೇಲೆ ಗೊತ್ತಾದ ಮೇಲೂ ಸುಮ್ಮನಿದ್ದೆ, ಗೀರು ಹಾಕಿದ್ದು ಇಲಿಯಲ್ಲ, ನಾನು, ನಿನ್ನದು ಏನೂ ತಪ್ಪಿರಲಿಲ್ಲ ಎಂದೆ. ಒಂದನ್ನೂ ಬಿಡದೆ ಹೇಳಿದೆ.

ಅಪ್ಪ ಪೂರ್ತಿ ಕೇಳಿದ. ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟು, ಚಿಕ್ಕ ಮಗುವಿಗೆ ತಿಳಿಹೇಳುವ ಹಾಗೆ ಹೇಳಿದ.

"ನಂಗೆ ಬೇಜಾರ ಆಗ್ತದೆ ಅಂತ ಹಂಗೆಲ್ಲ ಹೇಳ್ಬೇಡ. ನೀ ಓದಿದ್ದೆ. ನಂಗೆ ಲಾಯ್ಕ ನೆನಪಿದೆ. ಮಳೆ ಬತ್ತಾ ಇತ್ತು, ನೀ ಬಾಗಿಲ ಹತ್ರ ಕೂತಿದ್ದೆ. ತೂತು ಮುಚ್ಚಬಾರ್ದು ಅಪ್ಪ ಅಂತ ಎರಡು ಸಲ ಹೇಳ್ದೆ. ನಾನೇ ಕೇಳಲಿಲ್ಲ."

ನಾನು ಇಲ್ಲ ಅಪ್ಪ ಎಂದೆ. ಅವನು ಒಪ್ಪದೆ ತಲೆಯಾಡಿಸಿದ.

"ಎರಡು ಸಲ ಹೇಳ್ದೆ ನೀನು" ಎಂದ.